ಹಳೆಯ 1080ಐ ವಿಡಿಯೊ ಯೂಟ್ಯೂಬ್‌ಗೆ ಏರುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಚ್‌ಡಿವಿ ಬಗೆಯ ಎಚ್‌ಡಿ ವಿಡಿಯೊ ಕ್ಯಾಸೆಟ್ಟುಗಳಲ್ಲಿ, ಎವಿಸಿಎಚ್‌ಡಿ ಬಗೆಯ ಕ್ಯಾಮೆರಾ ಕಾರ್ಡುಗಳಲ್ಲಿ ಉಳಿದಿರುವ ಯಕ್ಷಗಾನ ಆಟ, ಮದುವೆ, ರಂಗಪ್ರವೇಶಗಳನ್ನು ಈಗ ಆನ್‌ಲೈನಿಗೆ ಹಾಕಲು ಹೊರಟವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ತೊಂದರೆಗಳ ಬೇರು ಬಹುಮಟ್ಟಿಗೆ ಒಂದೇ. ಆದ್ದರಿಂದ ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರಬೇಕೆಂದು ವಿನಂತಿ.

ಪ್ರಶ್ನೆ: ಬಡಗುತಿಟ್ಟು ಶೈಲಿಯ ಯಕ್ಷಗಾನ ಆಟಗಳನ್ನು ಎವಿಸಿಎಚ್‌ಡಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಇಟ್ಟಿದ್ದೇನೆ. ಕ್ಯಾಮೆರಾವನ್ನು ಟಿವಿಗೆ ಜೋಡಿಸಿದರೆ ಕುಣಿತ ಜೀವಂತವಾಗಿ ಕಾಣುತ್ತದೆ. ಎಡಿಟ್ ಮಾಡಿ ಯೂಟ್ಯೂಬ್‌ಗೆ ಹಾಕಿದರೆ ವೇಷಧಾರಿ ಧೀಂಗಿಣ (ಗಿರಕಿ ಹೊಡೆದು ಹಾರುವ ಕುಣಿತ) ಹಾಕುವಾಗ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು. ಆ ಗೆರೆ ತೆಗೆಯುವ ಡೀಇಂಟರ್‌ಲೇಸ್ ಮಾಡಿ ಹಾಕಿದೆ. ಗೆರೆ ಹೋಯಿತು, ಆದರೆ ಕುಣಿತ ತಡವರಿಸುತ್ತದೆ, ಚಿತ್ರವೂ ಮಂಕು. ಸರಿಯಾದ ದಾರಿ ಯಾವುದು? (ಕುಂದಾಪುರದ ಓದುಗರು)

ನಿಮ್ಮ ಕ್ಯಾಮೆರಾ ಸೆಕೆಂಡಿಗೆ 25 ಪೂರ್ತಿ ಚಿತ್ರ ತೆಗೆದಿಲ್ಲ. 50 ಅರ್ಧಚಿತ್ರ ತೆಗೆದಿದೆ. ಈ ಅರ್ಧಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ. ಹೀಗೆ ಫೀಲ್ಡುಗಳಲ್ಲಿ ತೆಗೆದ ವಿಡಿಯೊ ಇಂಟರ್‌ಲೇಸ್ಡ್ (1080ಐಯ ‘ಐ’ ಅದೇ); ಪೂರ್ತಿ ಚಿತ್ರಗಳದ್ದು, ಅಂದರೆ ಫ್ರೇಮುಗಳದ್ದು, ಪ್ರೊಗ್ರೆಸ್ಸಿವ್ (‘ಪಿ’). ಒಂದು ಫೀಲ್ಡಿನಲ್ಲಿ ಒಂದು ಬಿಟ್ಟು ಒಂದರಂತೆ 540 ಗೆರೆ. ಮುಂದಿನ ಫೀಲ್ಡಿನಲ್ಲಿ ನಡುವೆ ಬಿಟ್ಟುಹೋದ 540 ಗೆರೆ. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಧೀಂಗಿಣ ಹಾಕುವವನ ಕೈ ಪರದೆಯ ಮೇಲೆ ಒಂದಷ್ಟು ದೂರ ಸರಿದಾಗಿದೆ. ಟಿವಿ ಈ ಸಂಗತಿ ಬಲ್ಲದು. ಒಂದೊಂದು ಫೀಲ್ಡನ್ನೂ ಒಂದೊಂದು ಕ್ಷಣವೆಂದು ತೋರಿಸುತ್ತದೆ. ನೀವು ಟಿವಿಯಲ್ಲಿ ಕಂಡ ಜೀವಂತಿಕೆ ಆ 50 ಕ್ಷಣಗಳದ್ದು.

ಎಕ್ಸ್‌ಪೋರ್ಟ್ ಮಾಡುವಾಗ 25 ಫ್ರೇಮಿನ ಪ್ರೊಗ್ರೆಸ್ಸಿವ್ ಆರಿಸಿದರೆ ಎರಡರಲ್ಲೊಂದು ಆಗುತ್ತದೆ. ಎರಡು ಬೇರೆ ಕ್ಷಣದ ಗೆರೆಗಳನ್ನು ಹಾಗೇ ಹೆಣೆದರೆ ಬಾಚಣಿಗೆ ಹಲ್ಲು. ಒಂದು ಫೀಲ್ಡನ್ನು ಬಿಸಾಡಿ ಇನ್ನೊಂದನ್ನು ಹಿಗ್ಗಿಸಿದರೆ ಕ್ಷಣಗಳೂ ಅರ್ಧ, ಗೆರೆಗಳೂ ಅರ್ಧ. ನೀವು ಹೇಳಿದ ತಡವರಿಕೆ, ಮಂಕು ಎರಡೂ ಬಂದದ್ದು ಇದರಿಂದ. ಕೆಲವು ಸಾಫ್ಟ್‌ವೇರ್‌ಗಳು ಎರಡು ಫೀಲ್ಡನ್ನು ಕಲಸಿಬಿಡುತ್ತವೆ. ಆಗ ಕೈಯ ಪಕ್ಕದಲ್ಲಿ ಕೈಯ ನೆರಳು ಕಾಣುತ್ತದೆ. ಹಾಗೆ ಕಲಸಿದ್ದನ್ನು ಮತ್ತೆ ಬೇರ್ಪಡಿಸಲು ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು: ಪ್ರತಿ ಫೀಲ್ಡನ್ನೂ ಒಂದು ಪೂರ್ತಿ ಫ್ರೇಮ್ ಮಾಡಿ, ಸೆಕೆಂಡಿಗೆ 50 ಫ್ರೇಮಿನ ಪ್ರೊಗ್ರೆಸ್ಸಿವ್, ಅಂದರೆ 1080ಪಿ50 ಆಗಿ ಕಳಿಸುವುದು. ಇದಕ್ಕೆ ಬಾಬ್ ಡೀಇಂಟರ್‌ಲೇಸ್ ಎಂಬ ಹೆಸರಿದೆ. ಒಳ್ಳೆಯ ಫಿಲ್ಟರ್ ಅಲುಗದ ಭಾಗಗಳಲ್ಲಿ, ಅಂದರೆ ಹಿಂದಿನ ಪರದೆ, ಕೂತ ಭಾಗವತರು, ಕಂಬಗಳಲ್ಲಿ, ಹಿಂದು ಮುಂದಿನ ಫೀಲ್ಡಿನ ಗೆರೆಗಳನ್ನೂ ಬಳಸಿ 1080 ಗೆರೆಯ ಸೂಕ್ಷ್ಮತೆ ಉಳಿಸುತ್ತದೆ. ಅಲುಗುವ ಭಾಗದಲ್ಲಿ ಮಾತ್ರ ಇಲ್ಲದ ಗೆರೆಗಳನ್ನು ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ. ಕಣ್ಣು ಆ ಭಾಗದಲ್ಲಿ ಸೂಕ್ಷ್ಮ ಹುಡುಕುವುದಿಲ್ಲ, ಚಲನೆಯನ್ನು ಹುಡುಕುತ್ತದೆ.

ಯೂಟ್ಯೂಬ್‌ನ ಮಾರ್ಗದರ್ಶನದಲ್ಲಿ ಇಂಟರ್‌ಲೇಸ್ಡ್ ವಿಡಿಯೊ ಕಳಿಸಬೇಡಿ, ಮೊದಲೇ ಡೀಇಂಟರ್‌ಲೇಸ್ ಮಾಡಿ ಎಂದಿದೆ. ಉದಾಹರಣೆಗೆ 1080ಐ60ಅನ್ನು 1080ಪಿ30 ಮಾಡಿ ಎಂದೂ ಇದೆ. ಮೊದಲ ಮಾತು ಸರಿ. ಉದಾಹರಣೆ ಭಾಷಣಕ್ಕೆ ಸಾಕು, ಯಕ್ಷಗಾನಕ್ಕೆ ಸಾಲದು. 50, 60 ಫ್ರೇಮಿನ ವಿಡಿಯೊಗಳನ್ನು ಯೂಟ್ಯೂಬ್ 2014ರಿಂದ ಅದೇ ವೇಗದಲ್ಲಿ ತೋರಿಸುತ್ತಿರುವಾಗ ಅರ್ಧ ಕುಣಿತವನ್ನು ನಾವೇ ಎಸೆಯಬೇಕಾದ ಅಗತ್ಯವಿಲ್ಲ.

ಈಗ ಕೆಲಸದ ಕ್ರಮ. ಮೊದಲು ಮೂಲ ಫೈಲನ್ನು ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಸ್ಕ್ಯಾನ್ ಟೈಪ್ ಎದುರು ಇಂಟರ್‌ಲೇಸ್ಡ್ ಅಥವಾ ಎಂಬಿಎಎಫ್‌ಎಫ್ (ಇದೂ ಇಂಟರ್‌ಲೇಸ್ಡ್ ದಾಖಲೆಯ ಒಂದು ರೀತಿ), ಸ್ಕ್ಯಾನ್ ಆರ್ಡರ್ ಎದುರು ಟಾಪ್ ಫೀಲ್ಡ್ ಫಸ್ಟ್ (ಮೇಲಿನ ಫೀಲ್ಡ್ ಮೊದಲು; ಕೆಲವೆಡೆ ಇದನ್ನೇ ಅಪ್ಪರ್ ಎನ್ನುತ್ತಾರೆ) ಎಂದಿರಬೇಕು. ಪ್ರೊಗ್ರೆಸ್ಸಿವ್, 50 ಫ್ರೇಮ್ ಎಂದಿದ್ದರೆ ನಿಮ್ಮ ಕ್ಯಾಮೆರಾ ಎವಿಸಿಎಚ್‌ಡಿಯ 2011ರ ನಂತರದ ಬಗೆಯದು. ಡೀಇಂಟರ್‌ಲೇಸ್ ಬೇಡವೇ ಬೇಡ.

ಎಡಿಟಿಂಗನ್ನು ಮೂಲ ಹೇಗಿದೆಯೋ ಹಾಗೇ ಮಾಡಿ: 1920×1080, 50ಐ, ಅಪ್ಪರ್ ಫೀಲ್ಡ್ ಫಸ್ಟ್. ಎಡಿಟಿಂಗ್ ಸಾಫ್ಟ್‌ವೇರ್ ಎಡಿಯಸ್ ಆದರೆ ಪ್ರಾಜೆಕ್ಟ್ ಶುರುಮಾಡುವಾಗಲೇ ಇದನ್ನು ಆರಿಸಬೇಕು. ಪ್ರೀಮಿಯರ್‌ನಲ್ಲಿ ಕ್ಲಿಪ್ಪನ್ನು ಎಳೆದು ನ್ಯೂ ಐಟಂ ಬಟನ್ ಮೇಲೆ ಬಿಟ್ಟರೆ ಕ್ಲಿಪ್ಪಿಗೆ ಹೊಂದುವ ಸೀಕ್ವೆನ್ಸ್ (ಎಡಿಟ್ ಮಾಡುವ ಟೈಮ್‌ಲೈನ್) ತಾನೇ ಆಗುತ್ತದೆ. ಕತ್ತರಿಸುವುದು, ಜೋಡಿಸುವುದು, ಬಣ್ಣ ತಿದ್ದುವುದು ಇಲ್ಲಿ ನಿಶ್ಚಿಂತೆಯಿಂದ ಮಾಡಬಹುದು. ಜೂಮ್ ಮಾಡುವುದು, ಓರೆ ಸರಿಪಡಿಸುವುದು, ಅಲುಗಾಟ ತೆಗೆಯುವುದು, ನಿಧಾನಗತಿ ಇವು ಮಾತ್ರ ಬೇಡ. ಅವು ಗೆರೆಗಳ ಜಾಗ ಕದಲಿಸುತ್ತವೆ. ಅಂಥ ಕೆಲಸ ಹೆಚ್ಚಿದ್ದರೆ ಮೂಲವನ್ನೇ ಮೊದಲು 50ಪಿ ಮಾಡಿಕೊಂಡು 50ಪಿ ಟೈಮ್‌ಲೈನಿನಲ್ಲಿ ಎಡಿಟ್ ಮಾಡಿ. ಎಲ್ಲಿ ಮಾಡಿದರೂ ಡೀಇಂಟರ್‌ಲೇಸ್ ಒಂದೇ ಸಲ.

ಶೀರ್ಷಿಕೆಗಳ ವಿಷಯದಲ್ಲಿ ಕನ್ನಡದವರು ಗಮನಿಸಬೇಕಾದ ಒಂದು ಎಚ್ಚರಿಕೆ. ತೆಳು ಫಾಂಟಿನಲ್ಲಿ ಅಕ್ಷರದ ತಲೆಕಟ್ಟು ಒಂದೇ ಗೆರೆಯಷ್ಟು ದಪ್ಪವಿದ್ದರೆ ಅದು ಒಂದು ಫೀಲ್ಡಿನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಹೆಸರುಗಳ ಪಟ್ಟಿ ಮಿಣುಕುವುದು ಇದರಿಂದಲೇ. ಕನಿಷ್ಠ ಮೂರು ಗೆರೆ ದಪ್ಪ ಬರುವ ದಪ್ಪ ಫಾಂಟ್ ಬಳಸಿ.

ಎಡಿಟ್ ಆದಮೇಲೆ ನೇರವಾಗಿ ಎಂಪಿ4 ತೆಗೆಯಬೇಡಿ. ಹೆಚ್ಚು ಹಿಂಡದ ಕೋಡೆಕ್‌ಗಳಾದ (ಕೋಡೆಕ್ ಎಂದರೆ ವಿಡಿಯೊ ಹಿಂಡುವ ವಿಧಾನ) ಡಿಎನ್‌ಎಕ್ಸ್‌ಎಚ್‌ಡಿ (ಸೆಕೆಂಡಿಗೆ 120 ಮೆಗಾಬಿಟ್) ಅಥವಾ ಪ್ರೊರೆಸ್ 422ರಲ್ಲಿ, ಇಂಟರ್‌ಲೇಸ್ಡ್ ಆಗಿಯೇ, ಅಪ್ಪರ್ ಫೀಲ್ಡ್ ಫಸ್ಟ್ ಇಟ್ಟು ಒಂದು ಮಾಸ್ಟರ್ ತೆಗೆಯಿರಿ. ಗಂಟೆಗೆ ಸುಮಾರು 55 ಜಿಬಿ ಆಗುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಎಡಿಯಸ್‌ನವರು ಗ್ರಾಸ್ ವ್ಯಾಲಿ ಎಚ್‌ಕ್ಯೂಎಕ್ಸ್ ಕೋಡೆಕ್ ಬಳಸಬಹುದು; ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ಪರಿವರ್ತಕ ಅದನ್ನು ಓದುತ್ತದೆ. ಎಡಿಟ್ ಏನೂ ಇಲ್ಲದಿದ್ದರೆ ಮಾಸ್ಟರ್ ಬೇಕಿಲ್ಲ, ಕ್ಯಾಮೆರಾ ಬರೆದ ಮೂಲ ಎಂಟಿಎಸ್ ಫೈಲನ್ನೇ ಮುಂದಿನ ಹಂತಕ್ಕೆ ಕೊಡಿ.

ಮುಂದಿನ ಹಂತ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್. ಅದೂ ಉಚಿತ. ತೆರೆದ ಕೂಡಲೇ ‘ಫಾಸ್ಟ್ 1080ಪಿ30’ ಎಂಬ ಪ್ರಿಸೆಟ್ (ಸಿದ್ಧ ಆಯ್ಕೆಗಳ ಗುಂಪು) ಕೂತಿರುತ್ತದೆ. ಅನೇಕರು ಎಡವುವುದು ಇಲ್ಲೇ: ಎಲ್ಲ ಸರಿಯಾಗಿ ಮಾಡಿದರೂ ಇದು ವೇಗವನ್ನು 30ಕ್ಕೆ ಮಿತಿಗೊಳಿಸಿ ಫ್ರೇಮುಗಳನ್ನು ಬಿಸಾಡುತ್ತದೆ. ವಿಡಿಯೊ ಟ್ಯಾಬಿನಲ್ಲಿ ಫ್ರೇಮ್‌ರೇಟ್ 50 ಆರಿಸಿ, ಪೀಕ್ ತೆಗೆದು ಕಾನ್‌ಸ್ಟಂಟ್ ಮಾಡಿ. ಎನ್‌ಕೋಡರ್ ಎಕ್ಸ್264, ಗುಣಮಟ್ಟ ಆರ್‌ಎಫ್ 17 (ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು), ಎನ್‌ಕೋಡರ್ ವೇಗ ಸ್ಲೋ. ಫಿಲ್ಟರ್ಸ್ ಟ್ಯಾಬಿನಲ್ಲಿ ಡೀಇಂಟರ್‌ಲೇಸ್ ಎದುರು ಬಿಡಬ್ಲ್ಯೂಡಿಫ್, ಅದಿಲ್ಲದ ಹಳೆಯ ಆವೃತ್ತಿಯಾದರೆ ಯಾಡಿಫ್; ಅದರ ಪ್ರಿಸೆಟ್ ಬಾಬ್. ಇಂಟರ್‌ಲೇಸ್ ಡಿಟೆಕ್ಷನ್ ಆಫ್ ಮಾಡಿ. ಅದು ಆನ್ ಇದ್ದರೆ ಬಾಚಣಿಗೆ ಕಂಡ ಫ್ರೇಮನ್ನು ಮಾತ್ರ ಬಿಡಿಸುತ್ತದೆ. ಭಾಗವತಿಕೆಯ ಭಾಗ ಒಂದು ರೀತಿ, ಕುಣಿತದ ಭಾಗ ಇನ್ನೊಂದು ರೀತಿ ಆಗಿಬಿಡುತ್ತದೆ. ಡೈಮೆನ್ಷನ್ಸ್‌ನಲ್ಲಿ ಕ್ರಾಪಿಂಗ್ ‘ನನ್’ (ಬೇಡ) ಇರಲಿ; ಕತ್ತಲ ರಂಗಸ್ಥಳದ ಕಪ್ಪು ಅಂಚನ್ನು ಕಂಡು ತಾನಾಗಿ ಕತ್ತರಿಸಿಬಿಡುವ ಅಭ್ಯಾಸ ಅದಕ್ಕಿದೆ. ಧ್ವನಿ ಎಎಸಿ, 48 ಕಿಲೋಹರ್ಟ್ಸ್, 320 ಕಿಲೋಬಿಟ್. ಮೊದಲಿನಿಂದಿರುವ 160ರಲ್ಲಿ ಚೆಂಡೆಯ ಪೆಟ್ಟಿನ ಮೊನಚು ಮೊಂಡಾಗುತ್ತದೆ. ಸಮ್ಮರಿಯಲ್ಲಿ ವೆಬ್ ಆಪ್ಟಿಮೈಸ್ಡ್ ಗುರುತು ಹಾಕಿ.

ಪೂರ್ತಿ ಆಟವನ್ನು ರೆಂಡರ್‌ಗೆ ಹಾಕುವ ಮೊದಲು ಧೀಂಗಿಣ ಇರುವ 20 ಸೆಕೆಂಡ್ ಮಾತ್ರ ತೆಗೆದು ವಿಎಲ್‌ಸಿಯಲ್ಲಿ ನೋಡಿ. ಅಲ್ಲಿ ವಿಡಿಯೊ ಮೆನುವಿನ ಡೀಇಂಟರ್‌ಲೇಸನ್ನು ಕಡ್ಡಾಯವಾಗಿ ಆಫ್ ಮಾಡಿ, ಇಲ್ಲವಾದರೆ ಅದೇ ಗೆರೆಗಳನ್ನು ಮುಚ್ಚಿ ನಿಮಗೆ ತಪ್ಪು ಭರವಸೆ ಕೊಡುತ್ತದೆ. ನಿಲ್ಲಿಸಿ, ‘ಇ’ ಕೀ ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಪ್ರತಿ ಒತ್ತಿಗೂ ಕೈ ಹೊಸ ಜಾಗದಲ್ಲಿರಬೇಕು, ಎಲ್ಲೂ ಹಲ್ಲು ಕಾಣಬಾರದು. ಎರಡು ಒತ್ತಿಗೊಮ್ಮೆ ಮಾತ್ರ ಕೈ ಸರಿದರೆ ಎಲ್ಲೋ ಒಂದು ಕಡೆ 25 ಉಳಿದುಕೊಂಡಿದೆ ಎಂದರ್ಥ.

ಎಫ್‌ಎಫ್‌ಎಂಪೆಗ್ ಬಳಸುವವರಿಗೆ ಒಂದು ಮಾತು: ಬಿಡಬ್ಲ್ಯೂಡಿಫ್ ಫಿಲ್ಟರನ್ನು ಬರೀ ಹೆಸರಿನಿಂದ ಕರೆದರೂ 50 ಫ್ರೇಮ್ ಕೊಡುತ್ತದೆ, ಯಾಡಿಫ್ ಹಾಗಲ್ಲ, ಅದರ ಮೋಡ್ 1 ಎಂದು ಬರೆಯದಿದ್ದರೆ 25 ಕೊಡುತ್ತದೆ. ಸಮಯ, ತಾಳ್ಮೆ ಎರಡೂ ಇರುವವರು ಕ್ಯೂಟಿಜಿಎಂಸಿ ಎಂಬ ಡೀಇಂಟರ್‌ಲೇಸ್ ಫಿಲ್ಟರ್ ಬಳಸಲಿ. ಹೈಬ್ರಿಡ್ ಎಂಬ ಉಚಿತ ಸಾಫ್ಟ್‌ವೇರ್ ಮೂಲಕ ಅದನ್ನು ಸ್ಕ್ರಿಪ್ಟ್ ಬರೆಯದೆ ನಡೆಸಬಹುದು. ಬಹಳ ನಿಧಾನ. ಆದರೆ ಜರಿಯ ಅಂಚು, ಕಿರೀಟದ ಸಣ್ಣ ಕೆಲಸ ಮಿಣುಕದೆ ನಿಲ್ಲುವುದು ಅದರಲ್ಲಿ ಮಾತ್ರ. ಇನ್ನೊಮ್ಮೆ ಸಿಗದ ಆಟಗಳಿಗೆ ಆ ಶ್ರಮ ಪಡಬೇಕು.

ಪ್ರಶ್ನೆ: ಎಚ್‌ಡಿವಿ ಕ್ಯಾಸೆಟ್ಟಿನ ಮದುವೆ ವಿಡಿಯೊ ಅಪ್‌ಲೋಡ್ ಮಾಡಿದರೆ ಎಲ್ಲರೂ ಸಪೂರವಾಗಿ, ಉದ್ದವಾಗಿ ಕಾಣುತ್ತಾರೆ. ಇನ್ನೊಂದು ಕ್ಯಾಸೆಟ್ ಕ್ಯಾಪ್ಚರ್ ಮಾಡಿದಾಗ 720×576 ಎಂದು ಬಂತು. (ಶಿವಮೊಗ್ಗದ ಓದುಗರು)

ಎರಡೂ ಬೇರೆ ಬೇರೆ ತೊಂದರೆ. ಎಚ್‌ಡಿವಿ 1080ಐ ಅಡ್ಡಕ್ಕೆ 1920 ಅಲ್ಲ, 1440 ಪಿಕ್ಸೆಲ್ ಮಾತ್ರ ಬರೆಯುತ್ತದೆ. ಪ್ರತಿ ಪಿಕ್ಸೆಲ್ ಎತ್ತರಕ್ಕಿಂತ 1.333 ಪಟ್ಟು ಅಗಲವೆಂದು ತಿಳಿದು ತೋರಿಸಬೇಕು. ಎಕ್ಸ್‌ಪೋರ್ಟಿನಲ್ಲಿ 1440×1080 ಇಟ್ಟು ಚೌಕ ಪಿಕ್ಸೆಲ್ ಎಂದರೆ ಮದುಮಗಳ ಮುಖ ಹಿಂಡಿದಂತಾಗುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಅನಾಮಾರ್ಫಿಕ್ (ಅಗಲ ಪಿಕ್ಸೆಲ್) ಆಯ್ಕೆಯನ್ನು ‘ನನ್’ ಮಾಡಿ 1920×1080 ಕೊಡಿ. ಅಡ್ಡಕ್ಕೆ ಹಿಗ್ಗಿಸುವುದರಿಂದ ಫೀಲ್ಡಿಗೆ ಹಾನಿಯಿಲ್ಲ. ಉದ್ದಕ್ಕೆ ಮುಟ್ಟುವುದಿದ್ದರೆ ಮಾತ್ರ ಡೀಇಂಟರ್‌ಲೇಸ್ ಮೊದಲು, ಅಳತೆ ಆಮೇಲೆ.

720×576 ಬಂದದ್ದು ಕ್ಯಾಮೆರಾ ತಾನೇ ಎಚ್‌ಡಿಗಿಂತ ಹಳೆಯ ಡಿವಿ ರೂಪಕ್ಕೆ ಇಳಿಸಿ ಕಳಿಸಿದ್ದರಿಂದ. ಸೋನಿ ಕ್ಯಾಮೆರಾಗಳಲ್ಲಿ ಐ.ಲಿಂಕ್ ಕನ್ವ್ ಎಂಬ ಆಯ್ಕೆ ಇದೆ, ಅದನ್ನು ಆಫ್ ಮಾಡಿ, ಫೈರ್‌ವೈರ್ ಕೇಬಲ್ ಕಿತ್ತು ಮತ್ತೆ ಹಾಕಿ. ಕ್ಯಾಪ್ಚರಿಗೆ ಎಚ್‌ಡಿವಿಸ್ಪ್ಲಿಟ್ ಎಂಬ ಸಣ್ಣ ಉಚಿತ ಸಾಫ್ಟ್‌ವೇರ್ ಸಾಕು. ಫೈರ್‌ವೈರ್ ಮೂಲಕ ಬರುವುದು ಕ್ಯಾಸೆಟ್ಟಿನಲ್ಲಿರುವ 25 ಮೆಗಾಬಿಟ್ಟಿನ ಎಂಪೆಗ್-2 ಹಾಗೆಹಾಗೇ, ಗಂಟೆಗೆ ಸುಮಾರು 11 ಜಿಬಿ. ಕ್ಯಾಸೆಟ್ಟುಗಳಿಗೆ ವಯಸ್ಸಾಗಿದೆ, ಅವನ್ನು ಓಡಿಸುವ ಕ್ಯಾಮೆರಾ ಸಿಗುವುದೂ ಕಷ್ಟವಾಗುತ್ತಿದೆ. ಅಪ್‌ಲೋಡಿನ ಚಿಂತೆಗಿಂತ ಮೊದಲು ಎಲ್ಲ ಕ್ಯಾಸೆಟ್ಟನ್ನೂ ಡಿಸ್ಕಿಗೆ ಇಳಿಸಿ, ಎರಡು ಪ್ರತಿ ಇಡಿ.

ಪ್ರಶ್ನೆ: ಬಾಚಣಿಗೆ ಗೆರೆ ಇಲ್ಲ, ಆದರೆ ನಡೆಯುವವರು ನಡುಗುತ್ತ ನಡೆದಂತೆ ಕಾಣುತ್ತದೆ. (ಧಾರವಾಡದ ಓದುಗರು)

ಫೀಲ್ಡಿನ ಸರದಿ ತಿರುವುಮುರುವಾಗಿದೆ. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು, ಹಳೆಯ ಡಿವಿಯಲ್ಲಿ ಕೆಳಗಿನದು ಮೊದಲು. ಡಿವಿ ಕಾಲದ ಪ್ರಾಜೆಕ್ಟ್ ಪ್ರಿಸೆಟ್ಟಿಗೆ ಎಚ್‌ಡಿ ಕ್ಲಿಪ್ ಹಾಕಿದಾಗ ಹೀಗಾಗುತ್ತದೆ: ಎರಡನೇ ಕ್ಷಣ ಮೊದಲು, ಮೊದಲ ಕ್ಷಣ ಆಮೇಲೆ. 50ಪಿ ಮಾಡಿ ಒಂದೊಂದೇ ಫ್ರೇಮ್ ನೋಡಿದರೆ ಕಾಲು ಮುಂದೆ, ಹಿಂದೆ, ಮತ್ತೆ ಮುಂದೆ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಎಡಿಯಸ್‌ನಲ್ಲಿ ಕ್ಲಿಪ್ ಪ್ರಾಪರ್ಟೀಸ್‌ನ ಫೀಲ್ಡ್ ಆರ್ಡರ್, ಪ್ರೀಮಿಯರ್‌ನಲ್ಲಿ ಇಂಟರ್‌ಪ್ರಿಟ್ ಫುಟೇಜ್, ಇವೆರಡೂ ಮೂಲಕ್ಕೆ ಹೊಂದುತ್ತವೆಯೇ ನೋಡಿ; ಆಮೇಲೆ ಪ್ರಾಜೆಕ್ಟ್, ಕೊನೆಗೆ ಎಕ್ಸ್‌ಪೋರ್ಟ್. ಮೂರೂ ಕಡೆ ಅಪ್ಪರ್ ಎಂದೇ ಇರಬೇಕು.

ಪ್ರಶ್ನೆ: ಬಿಟ್‌ರೇಟ್ (ಒಂದು ಸೆಕೆಂಡ್ ವಿಡಿಯೊಗೆ ಬಳಸುವ ಡೇಟಾ) ಎಷ್ಟು ಕೊಡಬೇಕು? 1080 ವಿಡಿಯೊವನ್ನು 1440 ಗೆರೆಗೆ ಹಿಗ್ಗಿಸಿ ಹಾಕಿದರೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ, ನಿಜವೇ? (ಬೆಂಗಳೂರಿನ ಓದುಗರು)

1080ಪಿಗೆ ಯೂಟ್ಯೂಬ್ ಸೂಚಿಸುವುದು 25 ಫ್ರೇಮಿಗೆ 8 ಮೆಗಾಬಿಟ್, 50 ಫ್ರೇಮಿಗೆ 12 ಮೆಗಾಬಿಟ್. ನೀವು ಕಳಿಸಿದ್ದನ್ನು ಅದು ಹೇಗೂ ಮತ್ತೆ ಹಿಂಡುತ್ತದೆ. ಹಿಂಡಿದ್ದನ್ನೇ ಹಿಂಡಿದರೆ ಕಲೆಗಳ ಮೇಲೆ ಕಲೆ. ಹಾಗಾಗಿ 12ನ್ನು ಕನಿಷ್ಠವೆಂದು ತಿಳಿದು 20ರಿಂದ 25 ಕೊಡಿ. ಆರ್‌ಎಫ್ 17 ಇಟ್ಟರೆ ಲೆಕ್ಕ ತಾನೇ ಆಗುತ್ತದೆ. 20 ಮೆಗಾಬಿಟ್ ಅಂದರೆ ಗಂಟೆಗೆ 9 ಜಿಬಿ. ನಿಮ್ಮ ಅಪ್‌ಲೋಡ್ ವೇಗ ಪೂರಾ 10 ಮೆಗಾಬಿಟ್ ಸಿಕ್ಕರೆ ಒಂದು ಗಂಟೆಯ ವಿಡಿಯೊ ಏರಲು ಎರಡು ಗಂಟೆ.

ಹಿಗ್ಗಿಸುವ ಮಾತು ನಿಜ. ಹಿಗ್ಗಿಸುವುದರಿಂದ ಹೊಸ ಸೂಕ್ಷ್ಮವೇನೂ ಹುಟ್ಟುವುದಿಲ್ಲ. ಆದರೆ 1440 ಮತ್ತು ಅದಕ್ಕೂ ಮೇಲಿನ ಪ್ರತಿಗಳನ್ನು ಯೂಟ್ಯೂಬ್ ಹಳೆಯ ಎಚ್.264 ಬಿಟ್ಟು ಹೊಸ ಕೋಡೆಕ್‌ಗಳಲ್ಲಿ, ಹೆಚ್ಚು ಬಿಟ್‌ರೇಟಿನಲ್ಲಿ ತಯಾರಿಸುತ್ತದೆ. ಕೆಂಪು ಪರದೆಯ ಮುಂದೆ ಕೆಂಪು ವೇಷ ಕುಣಿಯುವಂಥ ದೃಶ್ಯದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಯಾವ ಕೋಡೆಕ್ ಬರುತ್ತಿದೆ ಎಂದು ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್‌ನಲ್ಲಿ ನೋಡಬಹುದು. ಡೀಇಂಟರ್‌ಲೇಸ್ ಆದಮೇಲೆ 2560×1440ಕ್ಕೆ ಹಿಗ್ಗಿಸಿ, ಬಿಟ್‌ರೇಟ್ 24ಕ್ಕಿಂತ ಕಡಿಮೆ ಬೇಡ.

ರಾತ್ರಿ ಗೇನ್ (ಬೆಳಕಿನ ಸಂವೇದನೆ) ಏರಿಸಿ ತೆಗೆದ ವಿಡಿಯೊದಲ್ಲಿ ಬಿಟ್‌ರೇಟಿನ ಬಹುಪಾಲನ್ನು ಕಾಳುಕಾಳು ನಾಯ್ಸ್ ತಿಂದುಬಿಡುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ನಾಯ್ಸ್ ತೆಗೆಯುವ ಎನ್‌ಎಲ್‌ಮೀನ್ಸ್ ಫಿಲ್ಟರನ್ನು ಅಲ್ಟ್ರಾಲೈಟಿನಲ್ಲಿ ಇಡಿ, ಅದಕ್ಕಿಂತ ಹೆಚ್ಚಿಸಿದರೆ ಮುಖವರ್ಣಿಕೆಯ ಸಣ್ಣ ಗೆರೆಗಳೂ ಅಳಿಸಿಹೋಗುತ್ತವೆ.

ಏರಿಸಿದ ಕೂಡಲೇ ನೋಡಿ ಕೆಟ್ಟಿದೆ ಎನ್ನಬೇಡಿ, ಮೊದಲು ಸಣ್ಣ ಪ್ರತಿ ಸಿದ್ಧವಾಗುತ್ತದೆ, ಎಚ್‌ಡಿ ಆಮೇಲೆ. 50 ಫ್ರೇಮ್ ಕಾಣುವುದು 720 ಮತ್ತು ಮೇಲಿನ ಗುಣಮಟ್ಟದಲ್ಲಿ ಮಾತ್ರ. ಮೊಬೈಲಿನಲ್ಲಿ 480 ಇಟ್ಟು ನೋಡುವವರಿಗೆ ಕುಣಿತ ಅರ್ಧವೇ.

ಪ್ರಶ್ನೆ: ಇಡೀ ರಾತ್ರಿಯ ಆಟ ಕಾರ್ಡಿನಲ್ಲಿ ಹಲವು ತುಂಡು ಫೈಲಾಗಿದೆ. ಜೋಡಿಸಿದ ಕಡೆಯಲ್ಲೆಲ್ಲ ಚೆಂಡೆಯ ಪೆಟ್ಟು ತಪ್ಪುತ್ತದೆ. (ಶಿರಸಿಯ ಓದುಗರು)

ಕ್ಯಾಮೆರಾ ಒಂದೇ ಓಟದ ಚಿತ್ರೀಕರಣವನ್ನು 2 ಅಥವಾ 4 ಜಿಬಿಗೊಮ್ಮೆ ತುಂಡು ಮಾಡುತ್ತದೆ, ಮತ್ತು ತುಂಡಾಗುವ ಜಾಗಕ್ಕೂ ಧ್ವನಿಯ ಫ್ರೇಮ್ ಮುಗಿಯುವ ಜಾಗಕ್ಕೂ ಹೊಂದಾಣಿಕೆ ಇರುವುದಿಲ್ಲ. ಎಂಟಿಎಸ್ ಫೈಲುಗಳನ್ನಷ್ಟೇ ಎತ್ತಿಕೊಂಡು ಟೈಮ್‌ಲೈನಿನಲ್ಲಿ ಒಂದರ ಪಕ್ಕ ಒಂದು ಇಟ್ಟರೆ ಅಲ್ಲಲ್ಲಿ ಚಿಟಿಕೆಯಷ್ಟು ಧ್ವನಿ ನಷ್ಟ. ಮಾತಿನಲ್ಲಿ ಗೊತ್ತಾಗದು, ತಾಳದಲ್ಲಿ ತಕ್ಷಣ ಗೊತ್ತಾಗುತ್ತದೆ. ಕಾರ್ಡಿನ ಪೂರ್ತಿ ಫೋಲ್ಡರನ್ನು, ಪ್ರೈವೇಟ್ ಎಂಬಲ್ಲಿಂದ ಒಳಗಿನ ಸ್ಟ್ರೀಮ್‌ವರೆಗೂ, ಏನೂ ಬಿಡದೆ ನಕಲು ಮಾಡಿ. ಪ್ರೀಮಿಯರ್‌ನಲ್ಲಿ ಮೀಡಿಯಾ ಬ್ರೌಸರ್ ಮೂಲಕ ತೆರೆದರೆ ಒಂದೇ ಕ್ಲಿಪ್ಪಾಗಿ ಬರುತ್ತದೆ. ಫೋಲ್ಡರ್ ಕಳೆದುಹೋಗಿ ಎಂಟಿಎಸ್ ಮಾತ್ರ ಉಳಿದಿದ್ದರೆ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನ ಕಾಪಿ ಆದೇಶವನ್ನು ಬೈನರಿ ಸೂಚನೆಯೊಂದಿಗೆ ಬಳಸಿ, ಕ್ರಮಸಂಖ್ಯೆಯ ಪ್ರಕಾರ ಫೈಲುಗಳ ನಡುವೆ ಕೂಡಿಸುವ ಚಿಹ್ನೆ ಹಾಕಿ ಒಂದೇ ಫೈಲ್ ಮಾಡಿ. ಡಿಸ್ಕ್ ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಫ್ಯಾಟ್32 ಆದರೆ 4 ಜಿಬಿ ದಾಟಲು ಬಿಡುವುದಿಲ್ಲ.

ಅಪ್‌ಲೋಡಿನ ಮಿತಿ 12 ಗಂಟೆ ಅಥವಾ 256 ಜಿಬಿ, ಇಡೀ ರಾತ್ರಿಯ ಆಟಕ್ಕೆ ಸಾಕು. ಖಾತೆಯನ್ನು ಫೋನ್ ಮೂಲಕ ದೃಢೀಕರಿಸದಿದ್ದರೆ ಮಾತ್ರ 15 ನಿಮಿಷಕ್ಕೇ ನಿಲ್ಲುತ್ತದೆ.

ಪ್ರಶ್ನೆ: ಇಲ್ಲಿ ನಡೆದ ಆರತಕ್ಷತೆ 60ಐ, ಮೈಸೂರಿನಲ್ಲಿ ನಡೆದ ಧಾರೆ 50ಐ. ಒಂದೇ ವಿಡಿಯೊ ಮಾಡಬಹುದೇ? (ಅಮೆರಿಕದ ನ್ಯೂಜೆರ್ಸಿಯಿಂದ)

ಫೀಲ್ಡ್‌ಗಳಿರುವಾಗ ಬೆರೆಸಬೇಡಿ. ಒಂದನ್ನು 50ಪಿ, ಇನ್ನೊಂದನ್ನು 59.94ಪಿ (60ಐಯ ನಿಜವಾದ ವೇಗ ಇದೇ) ಮಾಡಿ, ಯಾವುದು ಹೆಚ್ಚಿದೆಯೋ ಅದರ ವೇಗದ ಟೈಮ್‌ಲೈನಿಗೆ ಎರಡನ್ನೂ ಹಾಕಿ. ಕಡಿಮೆ ಇರುವುದರಲ್ಲಿ ಅಷ್ಟಿಷ್ಟು ಕುಲುಕು ಉಳಿಯುತ್ತದೆ. ನಡುವಿನ ಫ್ರೇಮುಗಳನ್ನು ಊಹಿಸಿ ತುಂಬುವ ಆಪ್ಟಿಕಲ್ ಫ್ಲೋ ಹಾಕಿ ಅದನ್ನು ನಯ ಮಾಡಲು ಹೋದರೆ ಅಕ್ಷತೆ ಬೀಳುವಾಗ ಚಿತ್ರ ಹರಿದುಹೋಗುತ್ತದೆ. ಎರಡು ಬೇರೆ ವಿಡಿಯೊ ಮಾಡಿ ಪ್ಲೇಲಿಸ್ಟಿನಲ್ಲಿ ಸೇರಿಸುವುದು ಇದಕ್ಕಿಂತ ಒಳ್ಳೆಯದು.

ಪ್ರಶ್ನೆ: ನನ್ನ ಕ್ಯಾನನ್ ಕ್ಯಾಮ್‌ಕಾರ್ಡರಿನಲ್ಲಿ ಪಿಎಫ್25 ಎಂದಿದೆ. ಮೀಡಿಯಾಇನ್ಫೊ ಇಂಟರ್‌ಲೇಸ್ಡ್ ಎನ್ನುತ್ತದೆ. ಬಾಬ್ ಮಾಡಲೇ? (ಮಂಡ್ಯದ ಓದುಗರು)

ಬೇಡ. ಅದು 25 ಪೂರ್ತಿ ಫ್ರೇಮನ್ನು ಇಂಟರ್‌ಲೇಸ್ಡ್ ಚೀಲದಲ್ಲಿ ತುಂಬಿಕೊಟ್ಟ ವಿಡಿಯೊ. ಎರಡು ಫೀಲ್ಡೂ ಒಂದೇ ಕ್ಷಣದವು. ಇಂಟರ್‌ಪ್ರಿಟ್ ಫುಟೇಜ್‌ನಲ್ಲಿ ಪ್ರೊಗ್ರೆಸ್ಸಿವ್ ಎಂದು ಹೇಳಿ, 25ಪಿ ಟೈಮ್‌ಲೈನಿನಲ್ಲಿ ಎಡಿಟ್ ಮಾಡಿ, 25ಪಿ ಆಗಿಯೇ ಏರಿಸಿ.

ಪ್ರಶ್ನೆ: ಮೂಲ ಅಳಿಸಿಹೋಗಿದೆ. ಬಾಚಣಿಗೆ ಗೆರೆ ಬಿದ್ದ ಎಂಪಿ4 ಮಾತ್ರ ಉಳಿದಿದೆ. ಏನಾದರೂ ಉಳಿಸಬಹುದೇ? (ಪುತ್ತೂರಿನ ಓದುಗರು)

ಫೈಲ್ 1920×1080 ಇದೆಯೇ ನೋಡಿ. ಇದ್ದು, ನಿಲ್ಲಿಸಿದಾಗ ಹಲ್ಲುಗಳು ಒಂದು ಗೆರೆ ದಪ್ಪಕ್ಕೆ ಚೊಕ್ಕಟವಾಗಿ ಕಂಡರೆ ಎರಡೂ ಫೀಲ್ಡ್ ಅದರೊಳಗೆ ಇನ್ನೂ ಇವೆ. ಮೀಡಿಯಾಇನ್ಫೊ ಅದನ್ನು ಪ್ರೊಗ್ರೆಸ್ಸಿವ್ ಎಂದರೂ ನಂಬಬೇಡಿ. ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಇಂಟರ್‌ಲೇಸ್ ಡಿಟೆಕ್ಷನ್ ಆಫ್ ಇಟ್ಟು ಬಾಬ್ ಮಾಡಿದರೆ 50 ಕ್ಷಣ ಹೊರಬರುತ್ತವೆ. ಕಾಲು ಹಿಂದೆ ಮುಂದೆ ಆದರೆ ಪ್ರಿಸೆಟ್ಟನ್ನು ಕಸ್ಟಮ್ ಮಾಡಿ ಪ್ಯಾರಿಟಿಯನ್ನು (ಫೀಲ್ಡಿನ ಸರದಿ) ಟಾಪ್ ಫೀಲ್ಡ್ ಎಂದು ನೀವೇ ಹೇಳಿ. ಪ್ರೊಗ್ರೆಸ್ಸಿವ್ ಎಂದು ತಿಳಿದು ಹಿಂಡಿದ್ದರಿಂದ ಹಲ್ಲಿನ ಸುತ್ತ ಬಣ್ಣ ಸ್ವಲ್ಪ ಸೋರಿರುತ್ತದೆ, ಅದು ಉಳಿಯುತ್ತದೆ.

ಫೈಲ್ 1280×720 ಆಗಿದ್ದು ಹಲ್ಲುಗಳು ದಪ್ಪ ಅಲೆಯಂತೆ ಕಂಡರೆ, ಡೀಇಂಟರ್‌ಲೇಸ್ ಮಾಡದೆ ಅಳತೆ ಇಳಿಸಿದ್ದಾರೆ. ಗೆರೆಗಳು ಒಂದರೊಳಗೊಂದು ಬೆರೆತಿವೆ, ಬಿಡಿಸುವ ಫಿಲ್ಟರ್ ಇಲ್ಲ. ಆಗ ಆ ಆಟವನ್ನು ಬೇರೆ ಯಾರಾದರೂ ಚಿತ್ರೀಕರಿಸಿದ್ದಾರೆಯೇ, ಮೇಳದವರ ಬಳಿ ಬ್ಲೂ-ರೇ ಅಥವಾ ಕ್ಯಾಸೆಟ್ ಉಳಿದಿದೆಯೇ ಎಂದು ವಿಚಾರಿಸಿ. ಸರಿಪಡಿಸಿದ ಪ್ರತಿ ಸಿಕ್ಕರೆ ಅದನ್ನು ಹೊಸದಾಗಿ ಅಪ್‌ಲೋಡ್ ಮಾಡಬೇಕು. ಹಳೆಯ ಲಿಂಕಿನ ವಿಡಿಯೊ ಬದಲಿಸಲು ಯೂಟ್ಯೂಬ್ ಬಿಡುವುದಿಲ್ಲ. ಹಳೆಯದನ್ನು ಅಳಿಸದೆ, ಅದರ ವಿವರಣೆಯ ಮೊದಲ ಸಾಲಿನಲ್ಲಿ ಹೊಸ ಲಿಂಕ್ ಕೊಡಿ.